ನಾಲ್ಕು ಮೂಲೆಯ ದನಿ

ಮೊರಬಕ್ಕೆ ಬಂದು ಇಮಾಮಹುಸೇನನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಇಮಾಮಹುಸೇನ ಎಂದು ತಿರುಗಿ ಕೇಳುತ್ತಿದ್ದರು. ಮೈಕಿನ ಹುಸೇನ ಎಂದರೆ ಸಾಕು, ಬಸ್ಸಿನ ಹತ್ತಿರ ಹುರಿಗಡಲೆ ಮಾರುವವಳೂ ಕೈಮಾಡಿ ದಾರಿ ತೋರಿಸುತ್ತಿದ್ದಳು. ಇಪ್ಪತ್ತೆಂಟು ವರ್ಷ ಮೈಕ್ ಸೆಟ್ಟನ್ನು ಬಾಡಿಗೆಗೆ ಕೊಟ್ಟು ಬದುಕಿದವನು. ಇತ್ತ ಮೊರಬದಿಂದ ಅತ್ತ ಯರಗುಪ್ಪಿಯವರೆಗೆ ಅವನ ಹಾರ್ನ್ ಕೂಗದ ಊರಿಲ್ಲ, ಅವನು ಹತ್ತಿ ತಂತಿ ಬಿಗಿಯದ ಬೇವಿನ ಮರವಿಲ್ಲ. ಲಗ್ನವಿರಲಿ, ಉರುಸಿರಲಿ, ಶ್ರಾವಣದ ಪುರಾಣವಿರಲಿ, ಇಲೆಕ್ಷನ್ ಇರಲಿ, ಸೈಕಲ್ಲಿನ ಹಿಂದೆ ಆಂಪ್ಲಿಫಾಯರ್ ಕಟ್ಟಿಕೊಂಡು ಹುಸೇನ ಬಂದನೆಂದರೇ ಕಾರ್ಯಕ್ಕೆ ಕಳೆ.

ಮೈಕ್ ಹಚ್ಚುವವರು ಆ ಸೀಮೆಯಲ್ಲಿ ಮತ್ತೂ ನಾಲ್ಕಾರು ಮಂದಿ ಇದ್ದರು. ದೊಡ್ಡ ಸಪ್ಪಳ ಮಾಡುವುದು ಯಾರಿಗಾದರೂ ಬರುತ್ತದೆ. ಹುಸೇನನ ಹೆಚ್ಚುಗಾರಿಕೆ ಇದ್ದದ್ದು ಅವನ ಕಿವಿಯಲ್ಲಿ. ಪುರಾಣ ಶುರುವಾದ ಮೇಲೆ ಅವನು ಒಂದು ಸುತ್ತು ಮಂದಿಯ ಹಿಂದಿನಿಂದ ಹಾದು ಬರುತ್ತಿದ್ದ. ಎಲ್ಲಿ ದನಿ ಒಡೆಯುತ್ತದೆ, ಎಲ್ಲಿ ಗೋಡೆಗೆ ಬಡಿದು ಮರಳುತ್ತದೆ, ಎಲ್ಲಿ ಮುದುಕಿಯರು ಮುಂದಕ್ಕೆ ಬಾಗಿ ಕೂತಿದ್ದಾರೆ ಎಂಬುದನ್ನೆಲ್ಲ ನೋಡಿಕೊಂಡು ಬಂದು, ಗುಂಡಿಯನ್ನು ಎಳ್ಳುಕಾಳಿನಷ್ಟು ತಿರುವುತ್ತಿದ್ದ. ಅಷ್ಟಕ್ಕೇ ಕಡೆಯ ಸಾಲಿನವರಿಗೂ ಶಾಸ್ತ್ರಿಗಳು ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು.

ಆ ಕಿವಿ ಈಗ ಕೆಟ್ಟಿತ್ತು. ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕೊನೆಗೆ ತೆಗೆದು ತೋರಿಸುವುದಕ್ಕೆ ಇದೇನು ಹಾವಾಡಿಗನ ಬುಟ್ಟಿಯಲ್ಲ.

ಕೆಡದೆ ಏನು ಮಾಡೀತು? ಲಗ್ನದ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎರಡು ಹಾರ್ನ್ ಕಟ್ಟುತ್ತಿದ್ದರು, ಅವುಗಳ ಬುಡದಲ್ಲೇ ಹುಸೇನ ಕೂಡುತ್ತಿದ್ದ. ವರ್ಷಕ್ಕೆ ಅರವತ್ತು ಲಗ್ನ. ಊರಿನವರಿಗೆಲ್ಲ ಕೇಳಲೆಂದು ಕೂಗಿದ್ದು ಮೊದಲು ಅವನ ಕಿವಿಯನ್ನು ಹಾದೇ ಹೋಗುತ್ತಿತ್ತು. ಕೆಡುಕು ಒಮ್ಮೆಗೇ ಬರಲಿಲ್ಲ. ಮೊದಲು ಹೋದದ್ದು ಗುಬ್ಬಿಗಳ ದನಿ. ಈಗೀಗ ಗುಬ್ಬಿಗಳು ಕೂಗುವುದಿಲ್ಲ, ಎಲ್ಲ ಸರಕಾರಿ ಗೊಬ್ಬರದ ಪರಿಣಾಮ ಎಂದು ಅವನು ಚಹಾದಂಗಡಿಯಲ್ಲಿ ಕೂತು ವಾದ ಮಾಡುತ್ತಿದ್ದ. ಅವನ ತಲೆಯ ಮೇಲಿನ ತಗಡಿನಲ್ಲೇ ಗುಬ್ಬಿಗಳು ಸಂತೆ ನಡೆಸಿದ್ದವು. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಮೇಲೆ ಹೆಂಡತಿ ಮೆಹರುನಬಿಯ ಬಳೆಯ ಸಪ್ಪಳ ಹೋಯಿತು. ಅವಳು ಬಾಜು ಬಂದು ನಿಂತರೂ ಅವನಿಗೆ ತಿಳಿಯುತ್ತಿರಲಿಲ್ಲ, ತಿರುಗಿ ನೋಡಿ ಬೆಚ್ಚುತ್ತಿದ್ದ. ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿ ಬಂದ. ಒಳಗಿನ ನರ ಸತ್ತಿದೆ, ಸಣ್ಣ, ಚೂಪು ದನಿಗಳು ಮೊದಲು ಹೋಗುತ್ತವೆ, ಉಳಿದದ್ದೂ ಒಂದೊಂದಾಗಿ ಹೋಗುತ್ತದೆ, ಇದಕ್ಕೆ ಔಷಧವಿಲ್ಲ ಎಂದು ಆ ಡಾಕ್ಟರು ಹೇಳಿದರು. ಹುಸೇನ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಂಜೆ ಬಸ್ಸಿಗೆ ಮರಳಿ ಬಂದ. ಮೈಕಿನವನಿಗೆ ಕಿವಿ ಕೇಳುವುದಿಲ್ಲ ಎಂದರೆ ನಗದವರಾರು? ಕಣ್ಣು ಹೋದ ಸಿಂಪಿಗನನ್ನು ಕಂಡು ಅಯ್ಯೋ ಅಂದಾರು, ಕಿವಿ ಹೋದ ಮೈಕಿನವನು ಊರಿಗೊಂದು ಚೇಷ್ಟೆ.

ಹೀಗಿರುವಾಗ ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಶಂಭುಲಿಂಗಪ್ಪ ಸಾವ್ಕಾರನ ಮನೆಯಿಂದ ಕರೆ ಬಂತು.

ಸಾವ್ಕಾರ ಹೊಸ ಮನೆ ಕಟ್ಟಿಸಿದ್ದ. ಊರಿನ ಮಣ್ಣಿನ ಮೇಲ್ಮುದ್ದಿ ಮನೆಗಳ ನಡುವೆ ಸ್ಲ್ಯಾಬಿನ ಮನೆ, ನುಣ್ಣನೆಯ ಫರಸಿಯ ನೆಲ, ಎತ್ತಿನ ಬಂಡಿ ತಿರುಗಿಸುವಷ್ಟು ದೊಡ್ಡ ಹಾಲ್. ಆ ಹಾಲಿಗೆಂದು ಬಣ್ಣದ ಟೀವಿ, ಸಿನಿಮಾ ಹಾಕುವ ಡೆಕ್ಕು, ಕ್ಯಾಸೆಟ್ಟಿನ ಡೆಕ್ಕು, ಅದಕ್ಕೊಂದು ದೊಡ್ಡ ಆಂಪ್ಲಿಫಾಯರ್, ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ ತಂದಿಟ್ಟಿದ್ದ. ಹುಬ್ಬಳ್ಳಿಯ ಬೀಗರ ಮನೆಯಲ್ಲಿ ನಾಲ್ಕು ಮೂಲೆಯಿಂದಲೂ ದನಿ ಬರುವಂತೆ ಮಾಡಿದ್ದನ್ನು ನೋಡಿ ಬಂದಿದ್ದ. ಸಿನಿಮಾದಲ್ಲಿ ಹಿಂದೆ ಮಳೆ ಸುರಿದರೆ ಹಿಂದಿನಿಂದಲೇ ಕೇಳುತ್ತದೆ, ಥೇಟರಿನೊಳಗೇ ಕೂತ ಹಾಗೆ ಇರುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಾಡಿದ್ದ. ಇದನ್ನು ಕೂಡಿಸುವುದಕ್ಕೆ ಹುಬ್ಬಳ್ಳಿಯಿಂದಲೇ ಮೆಕ್ಯಾನಿಕನನ್ನು ಕರೆಸುವ ವಿಚಾರ ಅವನದು. ಅಡ್ಡ ಬಂದವರು ಅವನ ತಾಯಿ ಮಹಾದೇವಕ್ಕ.

ಅವರು ಅಡ್ಡ ಬಂದದ್ದಕ್ಕೆ ಕಾರಣವಿತ್ತು. ಅವರ ಗಂಡ ಈರಬಸಪ್ಪನವರು ತೀರಿಕೊಂಡು ಆರು ವರ್ಷವಾಗಿತ್ತು. ಸೋಮವಾರದ ಭಜನೆಗೆ ಮುಂದೆ ಕೂತು ಪದ ಹೇಳುತ್ತಿದ್ದವರು ಅವರೇ. ತುಂಬಿದ ಗಡಿಗೆಯನ್ನು ಮೆಲ್ಲಗೆ ಬಡಿದರೆ ಬರುವಂಥ ದಪ್ಪನೆಯ, ಮೆತ್ತನೆಯ ದನಿ. ಬದುಕಿದ್ದಾಗ ಆ ಮನುಷ್ಯ ಒಂದು ಫೋಟೋ ತೆಗೆಸಿಕೊಂಡವರಲ್ಲ. ಮನೆಯಲ್ಲಿದ್ದ ಒಂದೇ ಫೋಟೋ ಸತ್ತ ಮೇಲೆ ವಿಭೂತಿ ಹಚ್ಚಿ ಕುರ್ಚಿಯಲ್ಲಿ ಕೂಡಿಸಿ ತೆಗೆದದ್ದು, ಅದರಲ್ಲಿ ಕಣ್ಣು ಮುಚ್ಚಿವೆ. ಜೀವವಿದ್ದಾಗಿನ ಗುರುತೆಂದು ಉಳಿದದ್ದು ಹುಸೇನನ ಹತ್ತಿರವಿದ್ದ ಒಂದು ಕ್ಯಾಸೆಟ್. ಸಾಯುವ ಹಿಂದಿನ ವರ್ಷ ಭಜನೆಯಲ್ಲಿ ಯಾರದೋ ಟೇಪ್ ರೆಕಾರ್ಡರ್ ಇಸಿದುಕೊಂಡು ಅವನು ಒಂದು ಪದವನ್ನು ತುಂಬಿಸಿಕೊಂಡಿದ್ದ. ಅವರು ಸತ್ತು ವರ್ಷ ತುಂಬಿದ ದಿನ ಅದನ್ನು ತಂದು ಹಚ್ಚಲು ಹೋದರೆ ಮಹಾದೇವಕ್ಕ ಕೈ ಹಿಡಿದು ತಡೆದರು. ಅವರು ಅಡಿಗಲ್ಲು ಇಟ್ಟು ಹೋದ ಮನೆ ಏಳಲಿ, ಆ ಮನೆಯಲ್ಲಿ ಮೊದಲು ಅವರ ದನಿಯೇ ಆಗಲಿ, ಅಲ್ಲಿತನಕ ನಿನ್ನ ಕಡೆಯೇ ಇರಲಿ ಎಂದು ಕಳಿಸಿದ್ದರು.

ಈಗ ಮನೆ ಎದ್ದಿತ್ತು.

"ಆ ದನಿ ಗೊತ್ತಿದ್ದಾಂವ ಹಚ್ಚಬೇಕಪಾ ಅದನ್ನ," ಎಂದು ಮಹಾದೇವಕ್ಕ ಹುಸೇನನ ಎದುರೇ ಮಗನಿಗೆ ಹೇಳಿದರು. "ಹುಬ್ಬಳ್ಳ್ಯಾಂವಗ ಏನ್ ಗೊತ್ತು ನಿಮ್ಮಪ್ಪ ಹೆಂಗ ಹಾಡ್ತಿದ್ರು ಅಂತ. ಹುಸೇನನಽ ಕೂಡಸ್ಲಿ."

ಬೇಡ ಎನ್ನಬೇಕಾಗಿತ್ತು. ಜ್ವರ ಎನ್ನಬಹುದಿತ್ತು, ಕುಂದಗೋಳದಲ್ಲಿ ಲಗ್ನ ಹಿಡಿದಿದ್ದೇನೆ ಎನ್ನಬಹುದಿತ್ತು. ಆದರೆ ಈರಬಸಪ್ಪನವರ ವಿಷಯದಲ್ಲಿ ಅವನಿಗೆ ಬೇಡ ಎಂಬ ಮಾತು ಬರುತ್ತಿರಲಿಲ್ಲ. ಹುಸೇನ ಇನ್ನೂ ಇಪ್ಪತ್ತೆರಡರ ಹುಡುಗನಾಗಿದ್ದಾಗ, ಉಳಿದವರೆಲ್ಲ ಅವನನ್ನು ಮೈಕ್ ಹಚ್ಚುವವನು ಎಂದು ಕರೆಯುತ್ತಿದ್ದಾಗ, ಭಜನೆ ಮುಗಿಸಿ ಎದ್ದ ಹಿರಿಯ ಸಾವ್ಕಾರರು ಅವನ ಹೆಗಲ ಮೇಲೆ ಕೈಯಿಟ್ಟು, "ನೀ ಮೈಕ್ ಹಚ್ಚಾಂವ ಅಲ್ಲೋ, ನೀ ಕೇಳಾಂವ," ಎಂದಿದ್ದರು. ಆ ಒಂದು ಮಾತಿನ ಮೇಲೆ ಅವನು ಇಪ್ಪತ್ತೆಂಟು ವರ್ಷ ಬದುಕಿದ್ದ. ಈ ಒಂದು ದನಿಯನ್ನು ಸರಿಯಾಗಿ ಕೂಡಿಸಿಬಿಟ್ಟರೆ ಸಾಕು, ಮೈಕ್ ಸೆಟ್ ಮಾರಿ ಮನೆಯಲ್ಲಿ ಕೂತರೂ ಚಿಂತೆಯಿಲ್ಲ ಎಂದುಕೊಂಡ. ಸರಿ ಆಗದಿದ್ದರೆ ಎಂಬುದನ್ನು ನೆನೆಯಲು ಅವನಿಗೆ ಧೈರ್ಯವಾಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದ. ಮೆಹರುನಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಆಮೇಲೆ ತಮ್ಮ ಮನೆಮಾತಿನಲ್ಲಿ, ತಾನೂ ಜೊತೆಗೆ ಬರುವುದಾಗಿ ಹೇಳಿದಳು. ಹಿರಿಯ ಸಾವ್ಕಾರರ ಪದವನ್ನು ತಾನೂ ಎಷ್ಟೋ ಸಲ ಕೇಳಿದ್ದೇನೆ, ಅವನು ಗುಂಡಿ ತಿರುವುವಾಗ ತಾನು ಬಾಜು ಕೂತರೆ ಏನು ತಪ್ಪು ಎಂದಳು. ಹುಸೇನ ಉರಿದುಬಿದ್ದ. ಇಷ್ಟು ವರ್ಷ ಯಾರ ಕಿವಿ ಕಡ ತಂದು ಕೆಲಸ ಮಾಡಿದ್ದೇನೆ ಎಂದು ಕೂಗಾಡಿದ. ಅವಳು ಮತ್ತೆ ರೊಟ್ಟಿಗೆ ಕೈ ಹಾಕಿದಳು. ಅವಳು ಯಾಕೆ ಹಾಗೆ ಅಂದಳು ಎಂದು ಆ ಹೊತ್ತು ಒಂದು ಗಳಿಗೆ ವಿಚಾರ ಮಾಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಮನುಷ್ಯ ಮುಚ್ಚಿಡುವ ಭರದಲ್ಲಿದ್ದಾಗ ಎದುರಿಗಿದ್ದವರಿಗೆ ಎಷ್ಟು ಗೊತ್ತಿದೆ ಎಂದು ನೋಡುವುದಿಲ್ಲ.

ಗೃಹಪ್ರವೇಶಕ್ಕೆ ನಾಲ್ಕು ದಿನ ಮೊದಲು ಅವನು ಕೆಲಸ ಹಿಡಿದ. ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಸ್ಲ್ಯಾಬೂ ಫರಸಿಯೂ ಸೇರಿ ಆ ಸಪ್ಪಳವನ್ನು ಚೆಂಡಿನಂತೆ ಆಡಿಸಿದವು, ಅಷ್ಟು ಅವನಿಗೂ ತಿಳಿಯಿತು. ಮಣ್ಣಿನ ಗೋಡೆ ದನಿಯನ್ನು ಕುಡಿಯುತ್ತದೆ, ಸಿಮೆಂಟಿನ ಗೋಡೆ ಉಗುಳುತ್ತದೆ ಎಂದು ಶಂಭುಲಿಂಗಪ್ಪನಿಗೆ ತಿಳಿಸಿ ಹೇಳಿ, ಹಿಂದಿನ ಗೋಡೆಗೆ ಹಳೇ ಸೀರೆ ಹೊಲಿದ ಎರಡು ಕೌದಿ, ಬಾಗಿಲ ಬಾಜುವಿಗೆ ಒಂದು ಕಂಬಳಿ ಕಟ್ಟಿಸಿದ. ಹೊಸ ಮನೆಯ ಗೋಡೆಗೆ ಹಳೇ ಕೌದಿಯೇ ಎಂದು ಸಾವ್ಕಾರನ ಹೆಂಡತಿ ಕಸ್ತೂರೆವ್ವ ಮುಖ ಸಿಂಡರಿಸಿದಳು. ಅವುಗಳ ಮೇಲೆ ಪರದೆ ಇಳಿಬಿಟ್ಟು ಅವಳನ್ನು ಸಮಾಧಾನ ಮಾಡಬೇಕಾಯಿತು. ಹಿಂದಿನ ಎರಡು ಮೂಲೆಗೆ ಸ್ಪೀಕರ್ ಇರಲಿಲ್ಲ. ಹುಸೇನ ಚಹಾಪುಡಿಯ ಹಲಗೆ ಪೆಟ್ಟಿಗೆ ಒಡೆದು ತಾನೇ ಎರಡು ಪೆಟ್ಟಿಗೆ ಮಾಡಿದ, ಒಳಗೆ ಸಾವ್ಕಾರನದೇ ಹೊಲದ ಹತ್ತಿ ತುಂಬಿದ.

ಮಹಾದೇವಕ್ಕ ಕೂಡುವ ಕುರ್ಚಿಯನ್ನು ಹಾಲಿನ ನಡುವೆ ಇಟ್ಟು, ಅದರ ಬೆನ್ನಿಗೆ ನೂಲು ಕಟ್ಟಿ, ಮುಂದಿನ ಎರಡು ಪೆಟ್ಟಿಗೆಗೆ ಒಂದೇ ಅಳತೆ, ಹಿಂದಿನ ಎರಡಕ್ಕೆ ಒಂದೇ ಅಳತೆ ಬರುವಂತೆ ಸರಿಸಿದ. ಒಂದೊಂದು ಸ್ಪೀಕರಿನ ತಂತಿಗೂ ಬ್ಯಾಟರಿಯ ಸೆಲ್ ಮುಟ್ಟಿಸಿ, ಒಳಗಿನ ಕಾಗದ ಮುಂದಕ್ಕೆ ಉಬ್ಬುತ್ತದೆಯೋ ಹಿಂದಕ್ಕೆ ಜಗ್ಗುತ್ತದೆಯೋ ನೋಡಿ ಗುರುತು ಹಾಕಿದ. ನಾಲ್ಕೂ ಒಂದೇ ಹೊತ್ತಿಗೆ ಉಬ್ಬಬೇಕು, ಒಂದು ಉಬ್ಬಿ ಒಂದು ಜಗ್ಗಿದರೆ ದನಿಗಳು ಒಂದನ್ನೊಂದು ತಿಂದುಹಾಕುತ್ತವೆ. ಹಿಂದಿನವು ಮುಂದಿನವಕ್ಕಿಂತ ಒಂದು ಎಳೆ ತಗ್ಗಿರಬೇಕು, ಇಲ್ಲದಿದ್ದರೆ ಕೂತವರು ಹಿಂದೆ ತಿರುಗಿ ತಿರುಗಿ ನೋಡುತ್ತಾರೆ. ಇದೆಲ್ಲ ಕೈಗೂ ಕಣ್ಣಿಗೂ ಸೇರಿದ ಕೆಲಸ, ಒಂದೂ ತಪ್ಪಲಿಲ್ಲ. ಹುಬ್ಬಳ್ಳಿಯವನು ಬಂದಿದ್ದರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ ಎಂದು ಶಂಭುಲಿಂಗಪ್ಪನೇ ಒಪ್ಪಿಕೊಂಡ.

ಉಳಿದದ್ದು ಕಿವಿಯ ಕೆಲಸ.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಹಾಲ್ ಖಾಲಿಯಿದ್ದಾಗ ಅವನು ಕ್ಯಾಸೆಟ್ ಹಾಕಿದ. ಜೊತೆಗೆ ಲಕ್ಕಪ್ಪ ಒಬ್ಬನೇ ಇದ್ದ. ಲಕ್ಕಪ್ಪ ಆ ಮನೆಯ ಹಳೇ ಆಳು, ಅರವತ್ತರ ಹತ್ತಿರದವನು, ಈರಬಸಪ್ಪನವರ ಭಜನೆಯಲ್ಲಿ ಕಂಚಿನ ತಾಳ ಹಾಕುತ್ತಿದ್ದವನು. ಕ್ಯಾಸೆಟ್ಟಿನಲ್ಲಿ ಇದ್ದದ್ದೂ ಅವನದೇ ತಾಳ. ಹುಸೇನನಿಗೆ ಆ ತಾಳವೇ ಅಳತೆಗೋಲು. ಯಾವ ಸೆಟ್ಟಿನಲ್ಲಿ ಹಚ್ಚಿದರೂ ಲಕ್ಕಪ್ಪನ ತಾಳ ಕಿಣ್ ಎಂದು ಬಿಡಿಯಾಗಿ ಕೇಳಿದರೆ ಉಳಿದ ದನಿಯೂ ಸರಿ ಕೂತಿದೆ ಎಂದೇ ಲೆಕ್ಕ. ಎಷ್ಟೋ ವರ್ಷದಿಂದ ಪ್ರತಿ ಸೋಮವಾರ ಸಂಜೆ ಮನೆಯಲ್ಲಿ ಈ ಕ್ಯಾಸೆಟ್ ಹಚ್ಚಿಕೊಂಡು ಕೂತಿದ್ದನಲ್ಲ, ಅವನಿಗೆ ಅದರ ಪ್ರತಿ ಉಸಿರೂ ಗೊತ್ತು. ಎರಡು ವರ್ಷದಿಂದ ತಾಳ ಮಂಕಾಗುತ್ತಾ ಬಂದಿತ್ತು. ಟೇಪು ಸವೆದಿದೆ ಎಂದು ತನಗೆ ತಾನೇ ಹೇಳಿಕೊಂಡು ಸಣ್ಣ, ಚೂಪು ದನಿಯ ಗುಂಡಿಯನ್ನು ಏರಿಸುತ್ತಾ ಹೋಗಿದ್ದ.

ಈಗಲೂ ಹಾಗೇ ಮಾಡಿದ. ಪದ ಶುರುವಾಯಿತು, ತಾಳ ಕೇಳಲಿಲ್ಲ. ಗುಂಡಿ ಏರಿಸಿದ. ಇನ್ನೂ ಇಲ್ಲ. ಮತ್ತೂ ಏರಿಸಿದ. ಮೊಣಕಾಲೂರಿ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಊರಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಕಿವಿ ಕೈಕೊಟ್ಟ ಮೇಲೆ ಅವನು ಕಂಡುಕೊಂಡ ಉಪಾಯ ಅದು, ಎಲುಬಿನ ಮೂಲಕ ದನಿ ಒಳಗೆ ಬರುತ್ತಿತ್ತು. ದಪ್ಪ ದನಿ ಬಂತು, ತಾಳ ಬರಲಿಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುವಿ, ಒಟ್ಟು ದನಿಯನ್ನೂ ಎತ್ತಿದಾಗ ಎಲ್ಲೋ ದೂರದಲ್ಲಿ ಕಿಣ್ ಕಿಣ್ ಎಂದಿತು. ಹುಸೇನನ ಕಣ್ಣಲ್ಲಿ ನೀರು ಬಂತು. ಕೇಳಿತು, ಇನ್ನೂ ಕೇಳುತ್ತದೆ ಎಂದು ಅವನ ಜೀವ ಹಿಗ್ಗಿತು.

ಆದರೂ ಬುದ್ಧಿ ಪೂರಾ ಬಿಟ್ಟುಹೋಗಿರಲಿಲ್ಲ. ಲಕ್ಕಪ್ಪನನ್ನು ಮಹಾದೇವಕ್ಕನವರ ಕುರ್ಚಿಯ ಹತ್ತಿರ ನಿಲ್ಲಿಸಿ, ಹೇಗಿದೆ ಹೇಳು ಎಂದ. ತಾಳ ಹಾಕಿದವನ ಕಿವಿ, ಸುಳ್ಳು ಹೇಳಲಾರದು ಎಂದು ನಂಬಿದ್ದ.

ಆ ಮನೆಯಲ್ಲಿ ಆ ವಾರ ಒಂದು ಕಟ್ಟಪ್ಪಣೆ ಇತ್ತು. ಹೊಸ ಮನೆಯಲ್ಲಿ ಹಾಲು ಉಕ್ಕುವತನಕ ಯಾರ ಬಾಯಲ್ಲೂ ‘ಇಲ್ಲ’, ‘ಸಾಲದು’, ‘ಕೆಟ್ಟಿದೆ’ ಎಂಬ ಮಾತು ಬರಬಾರದು. ಮಹಾದೇವಕ್ಕ ಮನೆ ಮಂದಿಗೂ ಆಳುಗಳಿಗೂ ಕೂಡಿಸಿ ಹೇಳಿದ್ದರು. ಗೌಂಡಿ ಕಿಟಕಿಯನ್ನು ಸೊಟ್ಟ ಕೂಡಿಸಿದ್ದರೂ ಅಡ್ಡಿಯಿಲ್ಲ ಎಂದಿದ್ದರು, ಬೆಲ್ಲ ಮುಗಿದರೆ ಬೆಲ್ಲ ಹೆಚ್ಚಾಗಿದೆ ಎಂದು ಹೇಳಿ ತರಿಸುತ್ತಿದ್ದರು. ಲಕ್ಕಪ್ಪ ಆ ಮನೆಯ ಉಪ್ಪು ತಿಂದು ಬೆಳೆದವನು. ತನ್ನದೇ ತಾಳ ನಾಲ್ಕು ಮೂಲೆಯಿಂದ ಸೂಜಿಯ ಹಾಗೆ ಕಿವಿಗೆ ಚುಚ್ಚುತ್ತಿದ್ದರೂ, ಧಣಿಯ ದನಿ ತಗಡು ಕೆರೆದಂತೆ ಕೇಳುತ್ತಿದ್ದರೂ, ಒಮ್ಮೆ ಹೊಸ ಗೋಡೆಗಳ ಕಡೆ ನೋಡಿ, ಒಮ್ಮೆ ಹುಸೇನನ ಒದ್ದೆ ಕಣ್ಣು ನೋಡಿ, "ಅಗದಿ ಚಲೋ ಆಗೇತಿ," ಎಂದುಬಿಟ್ಟ.

ಹುಸೇನ ಗುಂಡಿಗಳ ಮೇಲೆ ಸುಣ್ಣದಿಂದ ಗುರುತು ಮಾಡಿ ಮನೆಗೆ ಹೋದ. ಆ ರಾತ್ರಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಮರುದಿನ ಬೆಳಿಗ್ಗೆ ಮಠದ ಅಯ್ಯನವರು ಬಂದರು, ಪಾದಪೂಜೆಯಾಯಿತು, ಹಾಲು ಉಕ್ಕಿತು. ಫರಸಿಯ ಮೇಲೆ ಜಮಖಾನೆ ಹಾಸಿ ಬೀಗರು, ಊರ ಹಿರಿಯರು, ಹೆಣ್ಣುಮಕ್ಕಳು ಎಲ್ಲ ಕೂತರು. ಭಜನೆಯ ಹಳೇ ಮಂದಿ ಒಂದು ಸಾಲಿನಲ್ಲಿ ಕೂತಿದ್ದರು. ಮಹಾದೇವಕ್ಕ ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ನಡುವಿನ ಕುರ್ಚಿಗೆ ಬಂದರು. ಗೋಡೆಯ ಮೇಲೆ ಕಣ್ಣು ಮುಚ್ಚಿದ ಫೋಟೋಕ್ಕೆ ಮಾಲೆ ಹಾಕಿತ್ತು. ಅವರು ಅದನ್ನು ನೋಡಲಿಲ್ಲ, ಕೈ ಜೋಡಿಸಿ ಮುಂದಿನ ಪೆಟ್ಟಿಗೆಗಳ ಕಡೆ ನೋಡುತ್ತ ಕೂತರು, ಬರುವವರ ದಾರಿ ಕಾಯುವಂತೆ. ಶಂಭುಲಿಂಗಪ್ಪ ಕೈಮಾಡಿದ. ಹುಸೇನ ಬಿಸ್ಮಿಲ್ಲಾ ಎಂದು ಮನಸ್ಸಿನಲ್ಲೇ ಅಂದುಕೊಂಡು ಗುಂಡಿ ಒತ್ತಿದ.

ಅವನಿಗೆ ತಾಳ ಕೇಳಿತು. ಅದರ ಹಿಂದೆ ಧಣಿಯ ದನಿಯೂ ಬಂತು. ಆ ಸಂತೋಷದಲ್ಲೇ ಅವನು ತಲೆಯೆತ್ತಿ ಮಂದಿಯನ್ನು ನೋಡಿದ.

ಮೊದಲ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡಿದ್ದರು. ಕಸ್ತೂರೆವ್ವ ಹಲ್ಲು ಕಚ್ಚಿ ಕಣ್ಣು ಕಿರಿದು ಮಾಡಿದ್ದಳು. ಬೀಗರಲ್ಲೊಬ್ಬ ಶಂಭುಲಿಂಗಪ್ಪನ ಕಡೆ ಬಾಗಿ ಏನೋ ಹೇಳಿ ನಕ್ಕ. ಭಜನೆಯ ಮುದುಕರು ನೆಲ ನೋಡುತ್ತಿದ್ದರು, ಲಕ್ಕಪ್ಪ ಎಲ್ಲರಿಗಿಂತ ಹೆಚ್ಚು ತಲೆ ತಗ್ಗಿಸಿದ್ದ. ಮಹಾದೇವಕ್ಕನವರ ಜೋಡಿಸಿದ ಕೈ ಬಿಚ್ಚಿಹೋಗಿತ್ತು. ಗುರುತಿಲ್ಲದ ಗಂಡಸೊಬ್ಬ ಒಳಗೆ ನುಗ್ಗಿ ಬಂದಾಗ ಹೆಣ್ಣುಮಕ್ಕಳು ನೋಡುವ ಹಾಗೆ ಅವರು ಆ ಪೆಟ್ಟಿಗೆಯನ್ನು ನೋಡುತ್ತಿದ್ದರು. ಹುಸೇನ ಪದವನ್ನು ನಿಲ್ಲಿಸಿದ.

ಅವರು ಅವನನ್ನು ಕೈಮಾಡಿ ಹತ್ತಿರ ಕರೆದರು. ಹಾಲು ಉಕ್ಕಿಯಾಗಿತ್ತು, ಇನ್ನು ಮಾತಿಗೆ ಕಟ್ಟಿರಲಿಲ್ಲ.

"ಇದು ಅವರ ದನಿ ಅಲ್ಲಪಾ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆರು ವರ್ಷ ಕಾದು ಕೂತ ಹೆಂಗಸು, ಕಾದದ್ದು ಇದಕ್ಕೇನು ಎಂದು ಕೇಳುವಂತಿತ್ತು.

ಅಷ್ಟು ಸಮೀಪದಿಂದ ಹೇಳಿದ್ದು ಅವನಿಗೆ ಸರಿಯಾಗೇ ಕೇಳಿತು. ಶಂಭುಲಿಂಗಪ್ಪ ಎದ್ದು ಬಂದ, ಟೇಪು ಕೆಟ್ಟಿದೆಯೇನೋ ಕಾಕಾ ಎಂದು ಅವನೇ ಒಂದು ನೆಪ ಮಾಡಿಕೊಟ್ಟ. ಹೌದು ಎಂದುಬಿಟ್ಟಿದ್ದರೆ ಹುಸೇನ ಉಳಿಯುತ್ತಿದ್ದ. ಟೇಪು ಸವೆದಿದೆ, ಆ ದನಿ ಹೋಯಿತು ಎಂದರೆ ಮಂದಿ ಅಯ್ಯೋ ಅಂದು, ಹುಗ್ಗಿ ಉಂಡು ಏಳುತ್ತಿದ್ದರು. ಅವನ ಗುಟ್ಟು ಅವನ ಹತ್ತಿರವೇ ಇರುತ್ತಿತ್ತು. ಅವನು ಬಾಯಿ ತೆರೆದದ್ದೂ ಹೌದು. ಆದರೆ ಮಹಾದೇವಕ್ಕನವರ ಮುಖ ನೋಡಿದ ಮೇಲೆ ಆ ಸುಳ್ಳು ನಾಲಿಗೆಗೆ ಬರಲಿಲ್ಲ. ಟೇಪು ನೆಟ್ಟಗೇ ಇದೆ, ದನಿ ಅದರಲ್ಲೇ ಇದೆ ಎಂದು ಅವನಿಗೆ ಗೊತ್ತಿತ್ತು. ಸತ್ತವರನ್ನು ಎರಡನೆಯ ಸಲ ಸಾಯಿಸುವುದು ಅವನಿಂದಾಗಲಿಲ್ಲ.

"ಟೇಪಿಂದೇನೂ ತಪ್ಪಿಲ್ರಿ," ಎಂದ. "ಅವ್ವಾರ, ನೀವು ನನ್ನ ಕಡೆ ಮುಖಾ ಮಾಡಿ ಕೂಡ್ರಿ. ಅವರು ಬಂದ್ರಂದ್ರ ನಿಮ್ಮ ಮುಖದ ಮ್ಯಾಲೆ ನನಗ ತಿಳೀತೈತಿ."

ಪದವನ್ನು ಮೊದಲಿನಿಂದ ಹಚ್ಚಿ, ಗುಂಡಿಯ ಮೇಲೆ ಕೈಯಿಟ್ಟು, ಮಹಾದೇವಕ್ಕನವರನ್ನೇ ನೋಡುತ್ತ ನಿಂತ. ಒಂದು ಎಳ್ಳಷ್ಟು ಇಳಿಸಿದ. ಅವರ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು. ಮತ್ತೊಂದು ಎಳ್ಳಷ್ಟು. ಅವನ ಕಿವಿಯಿಂದ ಲಕ್ಕಪ್ಪನ ತಾಳ ಹೋಯಿತು. ಮತ್ತೂ ಇಳಿಸಿದ, ಒಟ್ಟು ದನಿಯನ್ನೂ ತಗ್ಗಿಸಿದ. ಮಕ್ಕಳು ಕಿವಿಯಿಂದ ಕೈ ತೆಗೆದರು. ಈರಬಸಪ್ಪನವರ ಪದದ ಅಕ್ಷರಗಳು ಒಂದಕ್ಕೊಂದು ಕಲೆತು, ಆಚೆ ಮನೆಯಲ್ಲಿ ಯಾರೋ ಮಾತಾಡಿಕೊಂಡ ಹಾಗೆ ಆಯಿತು. ಮಹಾದೇವಕ್ಕನವರ ಹುಬ್ಬು ಬಿಚ್ಚಿತು. ತುಟಿ ಮಾತ್ರ ಇನ್ನೂ ಬಿಗಿದಿತ್ತು. ಇನ್ನು ಇಳಿಸಿದರೆ ತನಗೆ ಏನೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಬೆರಳು ಒಂದು ಗಳಿಗೆ ನಿಂತಿತು. ಆ ದನಿ ಅವನದೂ ಆಗಿತ್ತಲ್ಲ, ಎಷ್ಟು ಸೋಮವಾರ ಒಬ್ಬನೇ ಕೂತು ಕೇಳಿದ್ದ.

ಇಳಿಸಿದ.

ಮಹಾದೇವಕ್ಕನವರ ಕಣ್ಣು ತುಂಬಿ ಬಂದವು. ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಅಂಗೈಯಿಂದ ಮೆಲ್ಲಗೆ ತಾಳ ಹಾಕತೊಡಗಿದರು. ಭಜನೆಯ ಮುದುಕರು ತಲೆಯೆತ್ತಿದರು, ಅವರ ತಲೆಗಳು ಆಡತೊಡಗಿದವು. ಲಕ್ಕಪ್ಪ ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ಈರಬಸಪ್ಪನವರು ಆ ಮನೆಗೆ ಬಂದಿದ್ದರು, ನಾಲ್ಕು ಮೂಲೆಯಿಂದ ಹಾಡುತ್ತಿದ್ದರು, ಅಲ್ಲಿ ಕೂತ ಕೂಸಿಗೂ ಅದು ಕೇಳುತ್ತಿತ್ತು. ಹುಸೇನನಿಗೆ ಕೇಳಿದ್ದು ಏನೂ ಇಲ್ಲ. ಮಂದಿ ತುಂಬಿದ ಹಾಲಿನಲ್ಲಿ ಅವನು ಗುಂಡಿಯ ಮೇಲೆ ಕೈಯಿಟ್ಟುಕೊಂಡು, ಮುದುಕಿಯ ಅಂಗೈ ಏಳುವುದನ್ನೂ ಬೀಳುವುದನ್ನೂ ನೋಡುತ್ತ, ಈಗ ಪಲ್ಲವಿ, ಈಗ ಎರಡನೆಯ ನುಡಿ ಎಂದು ಎಣಿಸುತ್ತ ನಿಂತಿದ್ದ.

ಪದ ಮುಗಿಯಿತು. ಮಹಾದೇವಕ್ಕನವರ ಅಂಗೈ ಮುಗಿಸಲಿಲ್ಲ. ಅವರು ಕಣ್ಣು ತೆರೆಯದೆ ಒಳಗೊಳಗೇ ಪದವನ್ನು ಮತ್ತೆ ಹಿಡಿದಿದ್ದರು, ಕೈ ಅದಕ್ಕೆ ತಾಳ ಹಾಕುತ್ತಿತ್ತು. ಪೆಟ್ಟಿಗೆಗಳಿಂದ ಖಾಲಿ ಟೇಪಿನ ಸುಯ್ ಎಂಬ ಸಪ್ಪಳ ಬರುತ್ತಿತ್ತು. ಹುಸೇನ ಈಗ ಬಂದ್ ಮಾಡುತ್ತಾನೆ, ಆಮೇಲೆ ಮಾಡುತ್ತಾನೆ ಎಂದು ಮಂದಿ ಕಾದರು. ಅವನು ಆ ಅಂಗೈಯನ್ನೇ ನೋಡುತ್ತ, ತಾನೂ ತಲೆದೂಗುತ್ತ ನಿಂತೇ ಇದ್ದ. ಟೇಪು ಕೊನೆ ಮುಟ್ಟಿ ಗುಂಡಿ ಟಕ್ಕೆಂದು ತಾನೇ ಎದ್ದುಕೊಂಡಿತು. ಆಗಲೂ ಅವನ ತಲೆ ಆಡುತ್ತಲೇ ಇತ್ತು. ಎಲ್ಲರಿಗೂ ಎಲ್ಲವೂ ಗೊತ್ತಾಗಿಹೋಯಿತು.

ಲಕ್ಕಪ್ಪ ಎದ್ದು ಹೋಗಿ ಅವನ ಹೆಗಲು ಮುಟ್ಟಿದ. "ಪದಾ ಮುಗದು ಭಾಳ ಹೊತ್ತಾತು, ಹುಸೇನಾ," ಎಂದು ಕಿವಿಯ ಹತ್ತಿರ ಹೇಳಿದ.

ಹುಸೇನ ಸುತ್ತ ನೋಡಿದ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ಅವನು ಸಿಟ್ಟು ಮಾಡಿ ಎದ್ದು ಹೋಗಬಹುದಿತ್ತು. ಮಹಾದೇವಕ್ಕ ಕಣ್ಣು ತೆರೆದಿದ್ದರು. ಕುರ್ಚಿ ಬಿಟ್ಟು ಎದ್ದು, ಕೋಲೂರಿಕೊಂಡು ಅವನವರೆಗೂ ಬಂದು, ಕೇಳುವಂತೆ ಗಟ್ಟಿಯಾಗಿ, ಅವರು ಖರೇನೇ ಬಂದಿದ್ದರಪಾ, ನೀನೂ ಕೇಳಿದೆಯಲ್ಲ ಎಂದು ವಿಚಾರಿಸಿದರು.

"ಇಲ್ರೀ ಅವ್ವಾರ," ಎಂದ ಹುಸೇನ. "ನನಗ ಕೇಳ್ಸಲಿಲ್ಲ."

ಎರಡು ವರ್ಷದಲ್ಲಿ ಅವನು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕ್ಯಾಸೆಟ್ಟನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಅವರ ಕೈಯಲ್ಲಿಟ್ಟು, ಉಣ್ಣದೆ ಹೊರಟು ಬಂದ.

ಮನೆಯಲ್ಲಿ ಮೆಹರುನಬಿ ಬಿಸಿ ರೊಟ್ಟಿ ಮುಂದಿಟ್ಟಳು. ಅವನೇ ಹೇಳಿದ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಅವಳಿಗಷ್ಟೇ ಅಲ್ಲ, ಚಹಾದಂಗಡಿಯವನಿಗೆ, ಪುರಾಣ ಕೇಳುವ ಮುದುಕಿಯರಿಗೆ, ಎರಡು ವರ್ಷದಿಂದ ಅವನ ಹಾರ್ನಿನ ಕೀರಲು ಸಹಿಸಿಕೊಂಡ ಅರ್ಧ ಊರಿಗೆ ಗೊತ್ತಿತ್ತು. ಹುಸೇನ ನೊಂದುಕೊಳ್ಳುತ್ತಾನೆ ಎಂದು ಯಾರೂ ಎದುರಿಗೆ ಆಡಿರಲಿಲ್ಲ, ಕಿವಿಗೆ ಅರಳೆ ಇಟ್ಟುಕೊಂಡು ಪುರಾಣ ಕೇಳಿದ್ದರು. ಇದನ್ನು ತಿಳಿದ ಮೇಲೆ ಅವನಿಗಾದ ನೋವು ಕಿವಿ ಹೋದಾಗಿನ ನೋವಿಗಿಂತ ದೊಡ್ಡದು. ದೀಪಾವಳಿಯೊಳಗೆ ಮೈಕ್ ಸೆಟ್ಟನ್ನು ಅಣ್ಣಿಗೇರಿಯ ಒಬ್ಬನಿಗೆ ಕೊಟ್ಟುಬಿಟ್ಟ. ಹಾರ್ನ್ ಎರಡು ಉಳಿದವು, ಹಿತ್ತಲಲ್ಲಿ ಕೋಳಿಗಳು ಅವುಗಳ ಬಾಯೊಳಗೆ ಮೊಟ್ಟೆಯಿಟ್ಟವು.

ಮಹಾದೇವಕ್ಕ ಸೋಮವಾರಕ್ಕೊಮ್ಮೆ ಆ ಪದ ಹಚ್ಚಿಸುತ್ತಿದ್ದರು. ಬಂದು ಕೂಡಲಿ ಎಂದು ಲಕ್ಕಪ್ಪನ ಕಡೆ ಹೇಳಿ ಕಳಿಸಿದರು. ಹುಸೇನ ಒಂದೇ ಸಲ ಹೋದ. ಎದುರಿಗೆ ಕೂತು, ಪದ ಮುಗಿಯುವತನಕ ಅವರ ಅಂಗೈ ನೋಡಿ ಎದ್ದು ಬಂದ. ಮುಂದಿನ ಸೋಮವಾರ ಹೊತ್ತು ಮುಳುಗುತ್ತಾ ಬಂದರೂ ಹೊರಡದೆ ಕೂತಿದ್ದನ್ನು ಕಂಡು ಹೆಂಡತಿ, ಹೋಗುವುದಿಲ್ಲವೇ ಎಂದು ಕೈಸನ್ನೆ ಮಾಡಿದಳು. ಇಲ್ಲವೆಂದು ತಲೆಯಾಡಿಸಿದ. ಬೇರೆಯವರು ಉಣ್ಣುವುದನ್ನು ಎಷ್ಟು ನೋಡಿದರೂ ಹೊಟ್ಟೆ ತುಂಬುವುದಿಲ್ಲ ಎಂದ.